ಅಪ್‌ಡೇಟ್: 10x7 ಪ್ರೊಪೆಲ್ಲರ್ ತೆಗೆದು 11x5 ಹಾಕಿದೆ (ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಇಂಚಿನಲ್ಲಿ)

ನನ್ನ ಹೈ-ವಿಂಗ್ ಟ್ರೈನರ್ (ರೆಕ್ಕೆ ಮೇಲ್ಗಡೆ ಇರುವ, ಕಲಿಯುವವರ ಮಾದರಿ ವಿಮಾನ) ಮೇಲೇರಲು ಕಷ್ಟಪಡುತ್ತೆ, ಇಳಿಯುವಾಗ ವೇಗ ಇಳಿಯೋದೇ ಇಲ್ಲ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಎಂಜಿನ್ 0.46 ಕ್ಯೂಬಿಕ್ ಇಂಚಿನ ಟೂ-ಸ್ಟ್ರೋಕ್ ಗ್ಲೋ (ಗ್ಲೋ ಪ್ಲಗ್‌ನಿಂದ ಇಂಧನ ಹೊತ್ತಿಸುವ ಬಗೆ). ಎಂಜಿನ್ ಬದಲಿಸಬೇಡಿ, ವ್ಯಾಸ ಜಾಸ್ತಿ, ಪಿಚ್ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿ ಅಂದಿದ್ರಿ. ಕೆಲಸ ಮಾಡಿತು!

ಈಗ ಟೇಕಾಫ್ ಓಟ ಚಿಕ್ಕದು, ಏರಿಕೆ ಗಟ್ಟಿ. ಥ್ರಾಟಲ್ ಇಳಿಸಿದ ಕೂಡಲೇ ವಿಮಾನ ನಿಧಾನವಾಗುತ್ತೆ. ಲೆಕ್ಕವೂ ಅದನ್ನೇ ಹೇಳುತ್ತೆ. ನಿಮಿಷಕ್ಕೆ 12,000 ಸುತ್ತಿನಲ್ಲಿ 7 ಇಂಚು ಪಿಚ್ ಅಂದ್ರೆ ಗಂಟೆಗೆ ಸುಮಾರು 128 ಕಿ.ಮೀ., 5 ಇಂಚು ಅಂದ್ರೆ 91. ಇದು ಬರೀ ಪಿಚ್ ಲೆಕ್ಕ, ನಿಜವಾದ ಹಾರಾಟದ ವೇಗ ಬೇರೆ. ಆದ್ರೂ ಟ್ರೈನರ್‌ಗೆ ಅಷ್ಟು ವೇಗ ಯಾಕೆ ಬೇಕು, ಅಲ್ವಾ?

ಹೊಸ ಪ್ರೊಪೆಲ್ಲರ್ ಬ್ಯಾಲೆನ್ಸರ್ (ಬ್ಲೇಡ್‌ಗಳ ತೂಕ ಸಮವಾಗಿದೆಯೇ ನೋಡುವ ಸಾಧನ) ಮೇಲೆ ಇಟ್ಟಾಗ ಒಂದು ಬ್ಲೇಡ್ ಪ್ರತಿ ಸಲ ಕೆಳಗೇ ವಾಲುತ್ತಿತ್ತು. ಅದರ ಹಿಂಬದಿಯನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಸ್ವಲ್ಪ ಸ್ವಲ್ಪವೇ ಉಜ್ಜಿದೆ. ರೆಕ್ಕೆಯ ನಡುಕ ಬಹುತೇಕ ಹೋಯಿತು. ಇಂಧನದ ಪ್ರಮಾಣ ಹೊಂದಿಸುವ ಸೂಜಿಯನ್ನೂ ಮತ್ತೆ ಹೊಂದಿಸಿದೆ: ಗರಿಷ್ಠ ಸುತ್ತಿಗೆ ತಂದು, ಆಮೇಲೆ ಸ್ವಲ್ಪ ರಿಚ್ (ಇಂಧನ ಹೆಚ್ಚು) ಕಡೆಗೆ. ಮೂಗು ಮೇಲೆತ್ತಿ ಹಿಡಿದರೂ ಎಂಜಿನ್ ಸೊರಗುತ್ತಿಲ್ಲ.

ವ್ಯಾಸ ಹೆಚ್ಚಿಸುವವರು ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಇರುವ ಅಂತರ ಅಳೆದುಕೊಳ್ಳಿ. 1 ಇಂಚು ವ್ಯಾಸ ಹೆಚ್ಚಾದರೆ ಕೆಳಗೆ ಅರ್ಧ ಇಂಚು ಕಡಿಮೆ. ನನ್ನ ಮುಂದಿನ ಚಕ್ರ ಎತ್ತರವಿದೆ, ತೊಂದರೆ ಆಗಲಿಲ್ಲ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.