ಮದುವೆ ಕಾಗದದಲ್ಲಿ ತೆಳುಗೆರೆ ತುಂಡಾಗ್ತದೆ: ಬೊಡೋನಿ, ಕನ್ನಡ ಒತ್ತಕ್ಷರ, ಚಿನ್ನದ ಶಾಯಿ

ಬದಿಯಡ್ಕ ಡಿಟಿಪಿ

ಮೆರೂನ್ ಕಾರ್ಡ್, ಚಿನ್ನದ ಶಾಯಿ, ಸ್ಕ್ರೀನ್ ಪ್ರಿಂಟಿಂಗ್ (ಬಲೆಯ ಮೂಲಕ ಶಾಯಿ ತಳ್ಳಿ ಅಚ್ಚು ಹಾಕುವುದು). ಇಂಗ್ಲಿಷಿಗೆ ‘ಬೊಡೋನಿ ಮೋಡ’ ಫಾಂಟ್, ಕನ್ನಡಕ್ಕೆ ದಪ್ಪ-ತೆಳು ವ್ಯತ್ಯಾಸ ಜೋರಾಗಿರುವ ಒಂದು ಫಾಂಟ್, ಮಲಯಾಳಕ್ಕೆ ಮಂಜರಿ. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಚಂದ ಕಾಣ್ತದೆ. ಅಚ್ಚಿನಲ್ಲಿ 30 ಪಾಯಿಂಟಿನ ಹೆಸರುಗಳಿಗೆ ತೊಂದರೆ ಇಲ್ಲ. 10 ಪಾಯಿಂಟಿನ ವಿಳಾಸದಲ್ಲಿ ಇಂಗ್ಲಿಷ್ ದೊಡ್ಡ ‘ಎಚ್’ನ ಅಡ್ಡಗೆರೆ ಹೋಗಿ ಎರಡು ಕಂಬ ಮಾತ್ರ ಉಳಿದಿದೆ. ‘ಪುತ್ತಿಗೆ’ಯಲ್ಲಿ ತ-ಒತ್ತಿನ ಬಾಲ ಕಾಣುವುದೇ ಇಲ್ಲ. ಮೆಶ್ (ಶಾಯಿ ಇಳಿಯುವ ಬಲೆ) 77, ಅಂದರೆ ಸೆಂಟಿಮೀಟರಿಗೆ 77 ಎಳೆ; ಎಳೆಯ ದಪ್ಪ 55 ಮೈಕ್ರಾನ್. ಪಾಸಿಟಿವ್ (ಮೆಶ್‌ಗೆ ಚಿತ್ರ ಇಳಿಸುವ ಕಪ್ಪು ಪ್ರತಿ) ತೆಗೆದದ್ದು ಲೇಸರ್ ಪ್ರಿಂಟರಿನಲ್ಲಿ, ಟ್ರೇಸಿಂಗ್ ಪೇಪರಿಗೆ, 600 ಡಿಪಿಐ (ಇಂಚಿಗೆ 600 ಚುಕ್ಕಿ). ಎಕ್ಸ್‌ಪೋಶರ್ (ಬೆಳಕು ಕೊಡುವ ಸಮಯ) ಕಡಿಮೆ ಮಾಡಿದರೆ ತೊಳೆಯುವಾಗ ಎಮಲ್ಶನ್ನಿನ (ಮೆಶ್ ಮೇಲೆ ಬಳಿದ, ಬೆಳಕು ತಾಗಿದಲ್ಲಿ ಗಟ್ಟಿಯಾಗುವ ಲೇಪ) ಅಂಚೇ ಕಿತ್ತು ಬರ್ತದೆ. ತಪ್ಪು ಫಾಂಟಿನದ್ದಾ, ಮೆಶ್‌ನದ್ದಾ?

ಮೆಶ್ ಮತ್ತು ಶಾಯಿ, ಉಪ್ಪಳ

ಎಕ್ಸ್‌ಪೋಶರನ್ನು ಮೊದಲಿದ್ದಲ್ಲಿಗೇ ತನ್ನಿ, ಅದು ಇದಕ್ಕೆ ಮದ್ದಲ್ಲ. ಗೆರೆ ತುಂಡಾಗದೆ ಬರಬೇಕಾದರೆ ಅದರ ಅಗಲ ಕನಿಷ್ಠ ಎರಡು ಎಳೆ ಮತ್ತು ಒಂದು ಕಣ್ಣಿನಷ್ಟಿರಬೇಕು (ಕಣ್ಣು ಅಂದರೆ ಎಳೆಗಳ ನಡುವಿನ ತೂತು). ಇಲ್ಲದಿದ್ದರೆ ಗೆರೆ ಎಳೆಯ ಮೇಲೆಯೇ ಬಿದ್ದಲ್ಲಿ ಶಾಯಿಗೆ ದಾರಿಯಿಲ್ಲ. ನಿಮ್ಮ 77ರಲ್ಲಿ ಕಣ್ಣು ಸುಮಾರು 70 ಮೈಕ್ರಾನ್. 55, 55, 70 ಕೂಡಿಸಿದರೆ 180 ಮೈಕ್ರಾನ್, ಅಂದರೆ 0.18 ಮಿ.ಮೀ. ಅದಕ್ಕಿಂತ ತೆಳುವಾದದ್ದು ಆ ಮೆಶ್‌ನಲ್ಲಿ ಅದೃಷ್ಟ ಇದ್ದರೆ ಬರ್ತದೆ, ಅಷ್ಟೆ.

120 ಮೆಶ್, 34 ಮೈಕ್ರಾನ್ ಎಳೆ ತೆಗೆದುಕೊಂಡರೆ ಇದು 0.11ರ ಹತ್ತಿರಕ್ಕೆ ಇಳಿಯುತ್ತದೆ. ಆದರೆ ಶಾಯಿ ನೋಡಿಕೊಳ್ಳಿ. ಚಿನ್ನದ ಪುಡಿಯ ಕಣ ಮೆಶ್ ಕಣ್ಣಿನ ಮೂರನೇ ಒಂದು ಪಾಲಿಗಿಂತ ದೊಡ್ಡದಿರಬಾರದು. 120ಕ್ಕೆ 15 ಮೈಕ್ರಾನಿನ ಒಳಗಿನ ಸಣ್ಣ ಪುಡಿಯೇ ಬೇಕು. ದಪ್ಪ ಪುಡಿ ಹಾಕಿದರೆ ಹತ್ತಿಪ್ಪತ್ತು ಕಾರ್ಡ್ ಆಗುವಷ್ಟರಲ್ಲಿ ಕಣ್ಣು ಕಟ್ಟಿಕೊಳ್ಳುತ್ತದೆ.

ಮೆಶ್ ಹಳದಿಯದ್ದೇ ಇರಲಿ. ಬಿಳಿ ಎಳೆಯಲ್ಲಿ ಬೆಳಕು ಅಡ್ಡಕ್ಕೆ ಚದುರಿ ತೆಳುಗೆರೆಯ ಒಳಗೂ ನುಗ್ಗಿ ಎಮಲ್ಶನನ್ನು ಗಟ್ಟಿ ಮಾಡ್ತದೆ. ಹಳದಿಗೆ ಎಕ್ಸ್‌ಪೋಶರ್ ಸಮಯ ಹೆಚ್ಚು ಬೇಕು, ಅಂಚು ಕೀಳುವ ಸಮಸ್ಯೆಯೂ ಅಲ್ಲಿಗೇ ಹೋದೀತು. ಪಾಸಿಟಿವ್‌ನ ಟೋನರ್ (ಕಪ್ಪು ಪುಡಿ) ಬದಿ ಎಮಲ್ಶನ್ನಿಗೆ ತಾಗಿಕೊಂಡಿರಬೇಕು. ನಡುವೆ ಕಾಗದದ ದಪ್ಪ ಬಂದರೂ ಬೆಳಕು ಒಳಗೆ ನುಗ್ಗುತ್ತದೆ.

ಅಚ್ಚುಮೊಳೆ, ಕಾಸರಗೋಡು

ಮೇಲಿನ 0.18ನ್ನು ಹಿಡಿದುಕೊಂಡು ಫಾಂಟನ್ನು ಅಳೆಯಿರಿ. ಫಾಂಟ್ ತಿದ್ದುವ ತಂತ್ರಾಂಶ ಫಾಂಟ್‌ಫೋರ್ಜ್‌ನಲ್ಲಿ ತೆರೆದು ರೂಲರಿನಿಂದ ಅತಿ ತೆಳುವಾದ ಜಾಗ ನೋಡಿ. ಕನ್ನಡದಲ್ಲಿ ಬರೀ ‘ತ’ ಅಳೆದರೆ ಸಾಲದು, ತ-ಒತ್ತನ್ನೂ ರ-ಒತ್ತನ್ನೂ ಬೇರೆಯಾಗಿ ಅಳೆಯಬೇಕು. ಮೂಲ ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಿದ ಫಾಂಟುಗಳಲ್ಲಿ ಗೆರೆಯೂ ಜೊತೆಗೆ ಕುಗ್ಗಿರುತ್ತದೆ. ನಿಮ್ಮ ‘ಪುತ್ತಿಗೆ’ ಕೈಕೊಟ್ಟದ್ದು ಹೆಚ್ಚಾಗಿ ಅಲ್ಲೇ.

ಅಕ್ಷರ ಕೂರುವ 1000 ಯೂನಿಟಿನ ಚೌಕದಲ್ಲಿ ಗೆರೆ 20 ಯೂನಿಟ್ ಬಂತು ಎಂದಿಟ್ಟುಕೊಳ್ಳಿ. 10 ಪಾಯಿಂಟ್ ಅಂದರೆ 3.53 ಮಿ.ಮೀ., ಗೆರೆ 0.07 ಮಿ.ಮೀ. ಸ್ಕ್ರೀನಿನ ಮಾತು ಬಿಡಿ, ನಿಮ್ಮ ಪಾಸಿಟಿವ್‌ನಲ್ಲೇ ಅದು ಹದಗೆಟ್ಟಿದೆ. 600 ಡಿಪಿಐಯ ಒಂದು ಚುಕ್ಕಿ 0.042 ಮಿ.ಮೀ.; ಒಂದೂವರೆ ಚುಕ್ಕಿ ಇಡಲಿಕ್ಕೆ ಆಗುವುದಿಲ್ಲವಾದ್ದರಿಂದ ಪ್ರಿಂಟರ್ ಒಂದು ಕಡೆ ಒಂದು, ಇನ್ನೊಂದು ಕಡೆ ಎರಡು ಇಡುತ್ತದೆ. ಭೂತಕನ್ನಡಿ ಹಿಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಇದೇ ಗೆರೆ 77 ಮೆಶ್‌ನಲ್ಲಿ 26 ಪಾಯಿಂಟಿನಿಂದ ಮೇಲೆ, 120ರಲ್ಲಿ 16ರಿಂದ ಮೇಲೆ ನಂಬಬಹುದು. ಹೆಸರು ಉಳಿದು ವಿಳಾಸ ಹೋದದ್ದಕ್ಕೆ ಕಾರಣ ಇಷ್ಟೇ.

ಸೀಸದ ಮೊಳೆಗಳ ಕಾಲದಲ್ಲಿ ಈ ಗೋಳು ಇರಲಿಲ್ಲ. ಪಾರ್ಮಾದ ಬೊಡೋನಿಯಾಗಲಿ ಪ್ಯಾರಿಸಿನ ದಿದೋ ಮನೆಯವರಾಗಲಿ ಒಂದೊಂದು ಅಳತೆಗೂ ಬೇರೆಯೇ ಪಂಚ್ (ಮೊಳೆಯ ಉಕ್ಕಿನ ಅಚ್ಚು) ಕೊರೆಯುತ್ತಿದ್ದರು, ಸಣ್ಣ ಅಳತೆಗೆ ಗೆರೆಯನ್ನು ಹದ ನೋಡಿ ದಪ್ಪ ಮಾಡಬಹುದಿತ್ತು. ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ಡಿಜಿಟಲ್ ಫಾಂಟಿನಲ್ಲಿ ಆ ಜಾಣ್ಮೆ ಕಳೆದುಹೋಯಿತು. ಬೊಡೋನಿ ಮೋಡದ ವೇರಿಯೇಬಲ್ (ರೂಪ ಹೊಂದಿಸಿಕೊಳ್ಳಬಹುದಾದ) ಆವೃತ್ತಿಯಲ್ಲಿ ಅದನ್ನು ಆಪ್ಟಿಕಲ್ ಸೈಜ್ ಎಂಬ ಅಕ್ಷವಾಗಿ ಮರಳಿ ತಂದಿದ್ದಾರೆ, 6ರಿಂದ 96ರವರೆಗೆ. ಇಂಕ್‌ಸ್ಕೇಪ್‌ನ ಫಾಂಟ್ ಡೈಲಾಗಿನಲ್ಲಿ ನೋಡಿ, ನಿಮ್ಮದು 96ರ ಕಡೆಗೆ ಇರಬಹುದು. ವಿಳಾಸಕ್ಕೆ 6 ಕೊಡಿ, ಮತ್ತೆ ಅಳೆಯಿರಿ.

ಬದಿಯಡ್ಕ ಡಿಟಿಪಿ

ಹೌದು, 96ರಲ್ಲೇ ಇತ್ತು. ಕನ್ನಡ ಫಾಂಟಿನಲ್ಲಿ ಆ ಅಕ್ಷ ಇಲ್ಲ. ಅಕ್ಷರಕ್ಕೆ ಅದೇ ಬಣ್ಣದ ಸ್ಟ್ರೋಕ್ (ಅಂಚಿನ ಗೆರೆ) ಕೊಟ್ಟರೆ ಆಗ್ತದಾ?

ಅಚ್ಚುಮೊಳೆ, ಕಾಸರಗೋಡು

ಹೆಸರುಗಳಿಗೆ ಆದೀತು, ವಿಳಾಸಕ್ಕೆ ಬೇಡ. 0.2 ಪಾಯಿಂಟ್ ಸ್ಟ್ರೋಕ್ ಎರಡೂ ಬದಿಗೆ 0.1ರಂತೆ ಸೇರಿ ಗೆರೆಗೆ ಒಟ್ಟು 0.07 ಮಿ.ಮೀ. ಕೂಡಿಸುತ್ತದೆ. 10 ಪಾಯಿಂಟಿನಲ್ಲಿ 0.18 ಮುಟ್ಟಲು 0.3ಕ್ಕಿಂತ ಹೆಚ್ಚು ಬೇಕು. ಅಷ್ಟು ಕೊಟ್ಟರೆ ‘ಣ’, ‘ಕ್ಷ’, ‘ಖ’ಗಳ ಹೊಟ್ಟೆ ಮುಚ್ಚಿಹೋಗುತ್ತದೆ, ಶಾಯಿ ಹರಡಿದ ಮೇಲಂತೂ ಓದಲಿಕ್ಕೇ ಆಗದು. ಕೊಡುವಲ್ಲಿ ಜಾಯಿನ್ (ಮೂಲೆಯ ಆಕಾರ) ರೌಂಡ್ ಇಡಿ, ಮೈಟರ್ (ಚೂಪು) ಇಟ್ಟರೆ ಚೂಪು ಮೂಲೆಗಳಲ್ಲಿ ಮುಳ್ಳು ಏಳುತ್ತದೆ.

ವಿಳಾಸದ ಕನ್ನಡಕ್ಕೆ ನೋಟೊ ಸಾನ್ಸ್ ಕನ್ನಡ ಮೀಡಿಯಂ ಹಾಕಿ. ಮಂಜರಿಯ ಗೆರೆಯೂ ಹೆಚ್ಚುಕಡಿಮೆ ಒಂದೇ ದಪ್ಪದ್ದಾದ್ದರಿಂದ ಕನ್ನಡ, ಮಲಯಾಳ ಸಾಲುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ದಪ್ಪ-ತೆಳುವಿನ ಬೆಡಗು ಹೆಸರಿನಲ್ಲಿ ಮಾತ್ರ ಇರಲಿ, ಅಲ್ಲಿ ಅದಕ್ಕೆ ಜಾಗ ಉಂಟು. ಇಂಗ್ಲಿಷ್ ಹೆಸರಿನ ಅಕ್ಷರಗಳ ನಡುವೆ ಅಂತರ ಬಿಡಿಸಿದ್ದರೆ ಅದೇ ಅಂತರವನ್ನು ಕನ್ನಡಕ್ಕೆ ಕೊಡಬೇಡಿ, ಕೆಲವು ತಂತ್ರಾಂಶಗಳಲ್ಲಿ ಒತ್ತು ಬುಡದಿಂದ ಸರಿದುಬಿಡುತ್ತದೆ.

ಬದಿಯಡ್ಕ ಡಿಟಿಪಿ

120 ಹಳದಿ ಮೆಶ್, ಸಣ್ಣ ಪುಡಿ, ವಿಳಾಸ ನೋಟೊದಲ್ಲಿ, ಬೊಡೋನಿ 6ರಲ್ಲಿ, ಪಾಸಿಟಿವ್ 1200 ಡಿಪಿಐ. ‘ಎಚ್’ನ ಅಡ್ಡಗೆರೆ ಪೂರ್ತಿ ಬಂದಿದೆ, ‘ಪುತ್ತಿಗೆ’ಯ ಒತ್ತೂ ಸರಿಯಾಗಿದೆ. ಹೆಸರಿಗೆ ಸ್ಟ್ರೋಕ್ ಬೇಕಾಗಲೇ ಇಲ್ಲ.