ಸಹಾಯ ಬೇಕು: ‘ಅಲ್ಟ್ರಾಸೆವೆನ್’ ಹಾರ್ನ್ ನೊಟೇಶನ್

ಎಲ್ಲರಿಗೂ ನಮಸ್ಕಾರ. 1967ರ ಜಪಾನಿ ಟಿವಿ ಸರಣಿ ‘ಅಲ್ಟ್ರಾಸೆವೆನ್’ ಇಲ್ಲಿ ಯಾರಾದರೂ ನೋಡಿದ್ದೀರಾ? ಸಂಗೀತ ತೋರು ಫುಯುಕಿ ಅವರದು. ಶೀರ್ಷಿಕೆ ಗೀತೆಯಲ್ಲಿ ಹೀರೋ ಹೆಸರನ್ನೇ ಮತ್ತೆ ಮತ್ತೆ ಹಾಡುತ್ತಾರಲ್ಲ, ಅಲ್ಲಿನ ಹಿತ್ತಾಳೆಯ ಊದುವಾದ್ಯ ಹಾರ್ನ್‌ಗಳು ಸುಮ್ನೆ ಬಿಡುವುದಿಲ್ಲ. ಮಕ್ಕಳ ಕಾರ್ಯಕ್ರಮಕ್ಕೆ ಇಷ್ಟು ಗಂಭೀರ ವಾದ್ಯಮೇಳ!

ಕೊನೆಯ ಕಂತಿನಲ್ಲಿ ಡ್ಯಾನ್ (ಮನುಷ್ಯರೂಪದಲ್ಲಿರುವ ಹೀರೋ) ತಾನು ಯಾರೆಂದು ಸಹೋದ್ಯೋಗಿ ಆ್ಯನ್‌ಗೆ ಹೇಳಿದ ಕೂಡಲೇ ಮೊಳಗುವ ಪಿಯಾನೊ ಮಾತ್ರ ಫುಯುಕಿ ಅವರ ರಚನೆಯಲ್ಲ, ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜಕ ಶೂಮನ್‌ನ ಎ ಮೈನರ್ ಕಾನ್ಚೆರ್ಟೊ (ಪಿಯಾನೊ ಮತ್ತು ವಾದ್ಯಮೇಳ ಸೇರಿ ನುಡಿಸುವ ಕೃತಿ). ಲಿಪಾಟಿ ಪಿಯಾನೊ ನುಡಿಸಿ, ಕರಾಯನ್ ವಾದ್ಯಮೇಳ ನಡೆಸಿದ 1948ರ ರೆಕಾರ್ಡಿಂಗ್. ಅದು ನನ್ನ ಬಳಿ ಇದೆ.

ಬೇಕಿರುವುದು ಶೀರ್ಷಿಕೆ ಗೀತೆಯ ಹಾರ್ನ್ ಭಾಗದ ನೊಟೇಶನ್. ಪಿಯಾನೊಗೆ ಇಳಿಸಿದ ಸರಳ ಪುಸ್ತಕ ಬೇಡ. ಜಪಾನಿನಲ್ಲಿರುವವರು ಸಂಗೀತದ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡ್ತೀರಾ? ಪುಸ್ತಕದ ಹೆಸರನ್ನು ಜಪಾನಿ ಲಿಪಿಯಲ್ಲಿ ಕಳಿಸಿದರೂ ಸಾಕು. ದುಡ್ಡು, ಅಂಚೆ ಖರ್ಚು ನನ್ನದೇ.