ಒಂದೇ ಕೋಡ್, ಲಿನಕ್ಸ್‌ನಲ್ಲಿ ಒಂದು ಟೈಮ್ ಝೋನ್ ಹೆಸರು, ವಿಂಡೋಸ್‌ನಲ್ಲಿ ಇನ್ನೊಂದು

ಪ್ರಶ್ನೆ: ನಮಸ್ಕಾರ ಸರ್. ಪೈಥಾನ್‌ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿದ್ದೇನೆ. ಕೆಲಸ ಮುಗಿದಾಗಲೆಲ್ಲ ಲಾಗ್‌ಗೆ ಒಂದು ಸಾಲು ಹಾಕುತ್ತದೆ: ದಿನಾಂಕ, ಸಮಯ, ಟೈಮ್ ಝೋನ್, ಸಂದೇಶ. ಝೋನ್‌ಗೆ ಸ್ಟ್ರ್‌ಎಫ್‌ಟೈಮ್‌ನ (ಸಮಯವನ್ನು ಅಕ್ಷರಕ್ಕೆ ಇಳಿಸುವ ಫಂಕ್ಷನ್) ದೊಡ್ಡ ಝಡ್, ಅಂದರೆ ‘%Z’ ಬಳಸಿದ್ದೇನೆ. ಲಿನಕ್ಸ್, ಮ್ಯಾಕ್ ಎರಡರಲ್ಲೂ ‘ಪಿಎಸ್‌ಟಿ’ ಅಂತ ಬರುತ್ತದೆ. ವಿಂಡೋಸ್‌ನಲ್ಲಿ ‘ಪೆಸಿಫಿಕ್ ಸ್ಟ್ಯಾಂಡರ್ಡ್ ಟೈಮ್’ ಅಂತ ಉದ್ದಕ್ಕೆ ಬರುತ್ತದೆ. ಲಾಗ್ ಓದುವ ಪ್ರೋಗ್ರಾಂ ಸ್ಪೇಸ್ ನೋಡಿ ಸಾಲು ಒಡೆಯುತ್ತದೆ. ಈಗ ‘ಸ್ಟ್ಯಾಂಡರ್ಡ್’ ಅನ್ನೋ ಪದ ಸಂದೇಶದ ಕಾಲಂನಲ್ಲಿ ಹೋಗಿ ಕೂತಿದೆ! ತಪ್ಪು ನನ್ನದಾ, ಪೈಥಾನ್‌ದಾ?

ಉತ್ತರ: ಇಬ್ಬರದೂ ಅಲ್ಲ. ಪೈಥಾನ್ ಆ ಹೆಸರನ್ನು ತಾನಾಗಿ ಹುಟ್ಟಿಸುವುದಿಲ್ಲ, ಆಪರೇಟಿಂಗ್ ಸಿಸ್ಟಂ ಕೊಟ್ಟಿದ್ದನ್ನು ಹಾಗೇ ದಾಟಿಸುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಐಎಎನ್‌ಎ ಡೇಟಾಬೇಸ್ (ಜಗತ್ತಿನ ಟೈಮ್ ಝೋನ್‌ಗಳ ಸಾರ್ವಜನಿಕ ಪಟ್ಟಿ) ನೋಡುತ್ತವೆ, ಅದರಲ್ಲಿ ಇರುವುದು ಗಿಡ್ಡ ಹೆಸರು. ವಿಂಡೋಸ್ ತನ್ನದೇ ಪಟ್ಟಿಯನ್ನು ರಿಜಿಸ್ಟ್ರಿಯಲ್ಲಿ, ಅಂದರೆ ತನ್ನ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿ ಇಟ್ಟುಕೊಂಡಿದೆ, ಅಲ್ಲಿರುವುದು ಉದ್ದ ಹೆಸರು.

ಅದೂ ಇಂಗ್ಲಿಷ್‌ನಲ್ಲೇ ಇರಬೇಕು ಅಂತಿಲ್ಲ. ಜರ್ಮನ್ ಭಾಷೆಯ ವಿಂಡೋಸ್‌ನಲ್ಲಿ ಜರ್ಮನ್ ಹೆಸರೇ ಬರುತ್ತದೆ. ಆ ಹೆಸರಿನಲ್ಲಿ ತಲೆ ಮೇಲೆ ಎರಡು ಚುಕ್ಕಿ ಇರುವ ಅಕ್ಷರ ಇದ್ದು, ಬರೆಯುವಾಗಿನ ಮತ್ತು ಓದುವಾಗಿನ ಎನ್‌ಕೋಡಿಂಗ್ (ಅಕ್ಷರವನ್ನು ಅಂಕಿಯಾಗಿ ಉಳಿಸುವ ರೀತಿ) ಹೊಂದದಿದ್ದರೆ ಲಾಗ್‌ನಲ್ಲಿ ಕಸ ಕಾಣುತ್ತದೆ. ನಾನು ಒಮ್ಮೆ ಅರ್ಧ ದಿನ ಡಿಸ್ಕ್ ಕೆಟ್ಟಿದೆ ಅಂತ ಹುಡುಕಿದ್ದೆ.

ಪ್ರಶ್ನೆ: ಹಾಗಾದ್ರೆ ವಿಂಡೋಸ್‌ನಲ್ಲೂ ಗಿಡ್ಡ ಹೆಸರು ಬರುವಂತೆ ಮಾಡಿದರೆ ಸಾಕಲ್ವಾ? ಪ್ರತಿ ಪದದ ಮೊದಲ ಅಕ್ಷರ ಎತ್ತಿಕೊಂಡರೆ ‘ಪಿಎಸ್‌ಟಿ’ ಆಗುತ್ತದೆ.

ಉತ್ತರ: ದಯವಿಟ್ಟು ಬೇಡ. ಗಿಡ್ಡ ಹೆಸರನ್ನೇ ನಂಬುವ ಹಾಗಿಲ್ಲ. ‘ಐಎಸ್‌ಟಿ’ ಅಂದರೆ ಭಾರತದ ಸಮಯವೂ ಹೌದು, ಇಸ್ರೇಲ್‌ದೂ ಹೌದು, ಐರ್ಲೆಂಡಿನ ಬೇಸಿಗೆ ಸಮಯವೂ ಹೌದು. ‘ಸಿಎಸ್‌ಟಿ’ ಚೀನಾದ್ದೋ ಅಮೆರಿಕದ ನಡುಭಾಗದ್ದೋ? ಎರಡರ ನಡುವೆ 14 ಗಂಟೆ ವ್ಯತ್ಯಾಸ! ಇನ್ನು ಕೆಲವು ಊರುಗಳಿಗೆ ಗಿಡ್ಡ ಹೆಸರೇ ಇಲ್ಲ, ಲಿನಕ್ಸ್‌ನಲ್ಲಿ ಸಾವೊ ಪಾಲೊ ಅಂತ ಇಟ್ಟು ನೋಡಿ, ‘-03’ ಅಂತ ಬರುತ್ತದೆ.

ಹೆಸರು ಮನುಷ್ಯರು ಓದಲಿಕ್ಕೆ. ಯಂತ್ರಕ್ಕೆ ಆಫ್‌ಸೆಟ್ ಕೊಡಿ, ಅಂದರೆ ಯುಟಿಸಿಯಿಂದ (ಜಗತ್ತಿಗೆಲ್ಲ ಅಳತೆಗೋಲಾದ ಸಮಯ) ಎಷ್ಟು ಹಿಂದೆ, ಎಷ್ಟು ಮುಂದೆ ಅನ್ನೋ ಅಂಕಿ. ಡೇಟ್‌ಟೈಮ್‌ನ ‘ನೌ’ ಕರೆದು, ಅದಕ್ಕೆ ‘ಆಸ್‌ಟೈಮ್‌ಝೋನ್’, ಆಮೇಲೆ ‘ಐಸೊಫಾರ್ಮ್ಯಾಟ್’ ಜೋಡಿಸಿ. ಮೂರೂ ಸಿಸ್ಟಂನಲ್ಲಿ ಒಂದೇ ರೂಪ ಬರುತ್ತದೆ. ಇದರ ಲಾಭ ಒಂದು ದಿನ ನೋಡಿ: 2024ರ ನವೆಂಬರ್ 3ರಂದು ಲಾಸ್ ಏಂಜಲಿಸ್‌ನಲ್ಲಿ ಬೇಸಿಗೆ ಸಮಯ ಮುಗಿದು ಗಡಿಯಾರ ಒಂದು ಗಂಟೆ ಹಿಂದೆ ತಿರುಗಿಸಿದ್ದರಿಂದ ಬೆಳಗಿನ ಜಾವ 1:30 ಎರಡು ಸಲ ಬಂತು. ಮೊದಲನೆಯದು -07:00, ಎರಡನೆಯದು -08:00. ಅಂಕಿ ಇದ್ದರೆ ಗೊಂದಲವೇ ಇಲ್ಲ.

ಪ್ರಶ್ನೆ (ಬೇರೆ ಸದಸ್ಯರು): ನಾನು ಸಿ ಭಾಷೆಯಲ್ಲಿ ಸ್ಟ್ರ್‌ಎಫ್‌ಟೈಮ್‌ನ ಚಿಕ್ಕ ಝಡ್, ಅಂದರೆ ‘%z’ ಬಳಸುತ್ತೇನೆ. ಅದು ಆಫ್‌ಸೆಟ್ ತಾನೇ ಕೊಡುವುದು? ಹಳೆಯ ವಿಂಡೋಸ್ ಪ್ರೋಗ್ರಾಂನಲ್ಲಿ ಹೆಸರು ಬರುತ್ತಿದೆ.

ಉತ್ತರ: ಮೈಕ್ರೋಸಾಫ್ಟ್‌ನ ಹಳೆಯ ಸಿ ಲೈಬ್ರರಿಯಲ್ಲಿ ದೊಡ್ಡದು, ಚಿಕ್ಕದು ಎರಡೂ ಹೆಸರೇ ಕೊಡುತ್ತಿದ್ದವು. ವಿಷುಯಲ್ ಸ್ಟುಡಿಯೊ 2015ರ ಹೊತ್ತಿಗೆ ಸರಿಯಾಯಿತು. ಹೊಸದರಲ್ಲಿ ಕಂಪೈಲ್ ಮಾಡಿ. ಇನ್ನೊಂದು: ಚಿಕ್ಕ ಝಡ್ ಕೊಡುವುದು ‘+0530’, ಕೋಲನ್ ಇಲ್ಲ. 3.11ಕ್ಕಿಂತ ಹಳೆಯ ಪೈಥಾನ್‌ನ ‘ಫ್ರಮ್‌ಐಸೊಫಾರ್ಮ್ಯಾಟ್’ (ಬರೆದ ಸಮಯವನ್ನು ಮತ್ತೆ ಓದಿಕೊಳ್ಳುವ ಫಂಕ್ಷನ್) ಇದನ್ನು ಓದುವುದಿಲ್ಲ, ‘+05:30’ ಇದ್ದರೆ ಮಾತ್ರ ಓದುತ್ತದೆ.

ಪ್ರಶ್ನೆ: ಸರ್, ಮುಂದಿನ ವರ್ಷದ ಮೀಟಿಂಗ್‌ಗೂ ಆಫ್‌ಸೆಟ್ ಸಾಕಾ?

ಉತ್ತರ: ಸಾಲದು. ಆಫ್‌ಸೆಟ್ ಆಗಿಹೋದ ಸಮಯಕ್ಕೆ ಸರಿ. ಸರ್ಕಾರಗಳು ನಿಯಮ ಬದಲಿಸುತ್ತಿರುತ್ತವೆ. 2018ರ ಅಕ್ಟೋಬರ್‌ನಲ್ಲಿ ಮೊರಾಕೊ ಗಡಿಯಾರ ಹಿಂದೆ ತಿರುಗಿಸಲು ಎರಡೇ ದಿನ ಇದ್ದಾಗ, ತಿರುಗಿಸುವುದಿಲ್ಲ ಅಂದುಬಿಟ್ಟಿತು. ಹಾಗಾಗಿ ಮುಂದಿನದಕ್ಕೆ ಅಲ್ಲಿನ ಗಡಿಯಾರದ ಸಮಯ ಮತ್ತು ‘ಆಫ್ರಿಕಾ/ಕಾಸಾಬ್ಲಾಂಕಾ’ ಥರದ ಐಎಎನ್‌ಎ ಪೂರ್ತಿ ಹೆಸರು (ಗಿಡ್ಡ ಹೆಸರಲ್ಲ), ಎರಡನ್ನೂ ಇಡಿ. ಪೈಥಾನ್ 3.9ರಿಂದ ಇಂಥ ಹೆಸರುಗಳನ್ನು ಅರ್ಥಮಾಡಿಕೊಳ್ಳುವ ‘ಝೋನ್‌ಇನ್ಫೊ’ ಇದೆ. ವಿಂಡೋಸ್‌ನಲ್ಲಿ ಮಾತ್ರ ‘ಟಿಝಡ್‌ಡೇಟಾ’ ಪ್ಯಾಕೇಜ್ ಬೇರೆ ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಝೋನ್ ಸಿಗಲಿಲ್ಲ ಅಂತ ಎರರ್ ಬರುತ್ತದೆ.

‘ಇಟಿಸಿ/ಜಿಎಂಟಿ+8’ ಅನ್ನೋ ಹೆಸರನ್ನು ಮಾತ್ರ ಮುಟ್ಟಬೇಡಿ. ಪ್ಲಸ್ ಕಂಡರೂ ಅದು ಯುಟಿಸಿಗಿಂತ 8 ಗಂಟೆ ಹಿಂದೆ!

ಪ್ರಶ್ನೆ: ಐಸೊಫಾರ್ಮ್ಯಾಟ್ ಹಾಕಿದೆ ಸರ್, ಮೂರೂ ಕಡೆ ಒಂದೇ ಥರ ಬಂತು. ಹಳೆಯ ಲಾಗ್‌ಗಳನ್ನು ಏನು ಮಾಡಲಿ?

ಉತ್ತರ: ಉದ್ದ ಹೆಸರುಗಳಿಗೆ ಯೂನಿಕೋಡ್‌ನವರ ಸಿಎಲ್‌ಡಿಆರ್‌ನಲ್ಲಿ (ಭಾಷೆ, ಪ್ರದೇಶಗಳ ಮಾಹಿತಿಯ ಸಂಗ್ರಹ) ವಿಂಡೋಸ್–ಐಎಎನ್‌ಎ ಹೊಂದಾಣಿಕೆಯ ಪಟ್ಟಿ ಇದೆ. ಗಿಡ್ಡ ಹೆಸರಿನ ಸಾಲುಗಳಿಗೆ ಆ ಲಾಗ್ ಯಾವ ಸರ್ವರ್‌ನಿಂದ ಬಂತು ಅಂತ ಗೊತ್ತಿದ್ದರೆ ಮಾತ್ರ ತಿದ್ದಿ. ಗೊತ್ತಿಲ್ಲದಿದ್ದರೆ ಸುಮ್ನೆ ಹಾಗೇ ಬಿಡಿ.